ಮೇಜಿನ ಮೇಲಿಡಿ, ಮ್ಮಾ

ನನ್ನ ಹೆಸರು ಬಾಲೆಸೆಂಗ್. ಹಾಗೆಂದರೆ ನಮ್ಮ ನುಡಿಯಲ್ಲಿ ‘ಅವರ ಪಾಡಿಗೆ ಅವರನ್ನು ಬಿಡಿ’ ಎಂದು ಅರ್ಥ. ಯಾವ ಜಗಳ ತಣ್ಣಗಾಗಲೆಂದು ಅಜ್ಜಿ ಈ ಹೆಸರಿಟ್ಟಳೋ ಗೊತ್ತಿಲ್ಲ, ನನಗೆ ಸಿಕ್ಕಿದ್ದು ಮಾತ್ರ ಯಾರನ್ನೂ ಅವರ ಪಾಡಿಗೆ ಬಿಡದ ಕೆಲಸ. ಒಂಬತ್ತು ವರ್ಷ ಜೋಹಾನ್ಸ್‌ಬರ್ಗಿನಿಂದ ದೂರ, ದೇಶದ ಗಡಿಯ ಹತ್ತಿರದ ಒಂದು ಕ್ಯಾಸಿನೊದ ಟೇಬಲಿನಲ್ಲಿ ಇಸ್ಪೀಟು ಎಲೆ ಹಂಚಿದೆ. ಆಮೇಲೆ ಹದಿನಾಲ್ಕು ವರ್ಷದಿಂದ ಅದೇ ಕ್ಯಾಸಿನೊದ ಮಹಡಿಯ ಮೇಲಿನ ಕತ್ತಲೆ ಕೋಣೆಯಲ್ಲಿ ಕೂತು, ಕೆಳಗೆ ಆಡುವವರ ಮತ್ತು ಆಡಿಸುವವರ ಕೈಗಳನ್ನು ಕ್ಯಾಮೆರಾದಲ್ಲಿ ನೋಡುತ್ತಿದ್ದೇನೆ. ಮುಖ ನೋಡುವುದಿಲ್ಲ. ಮುಖಕ್ಕೆ ಸುಳ್ಳು ಹೇಳುವುದು ಚಿಕ್ಕಂದಿನಿಂದಲೇ ಅಭ್ಯಾಸವಾಗಿರುತ್ತದೆ, ಕೈಗೆ ಅಷ್ಟು ಚೆನ್ನಾಗಿ ಬರುವುದಿಲ್ಲ.

ಆ ಮಂಗಳವಾರ ಬೆಳಗ್ಗೆಯಿಂದ ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಆರನೇ ಟೇಬಲಿನ ಒರೆನೈಲೆಗೆ ಅಂದು ಮೂರು ತಿಂಗಳ ಪರೀಕ್ಷಾವಧಿಯ ಕೊನೆಯ ದಿನ. ಇಪ್ಪತ್ತಮೂರು ವರ್ಷದ ಹುಡುಗಿ, ಗೋಪಾನೆ ಹಳ್ಳಿಯವಳು, ಅಜ್ಜಿ ಸಾಕಿದ ಮಗು. ಸಂಜೆ ನಾಲ್ಕಕ್ಕೆ ನಮ್ಮ ಕ್ಯಾಮೆರಾ ಕೋಣೆಯ ಮುಖ್ಯಸ್ಥರಾದ ರ್ರಾ ಸೆಲೆಕೆ, ಎಂದರೆ ಸೆಲೆಕೆ ಅಯ್ಯನವರು, ಅವಳ ಕಾಗದಕ್ಕೆ ಸಹಿ ಹಾಕಿದರೆ ಕೆಲಸ ಕಾಯಂ. ಹಾಕದಿದ್ದರೆ ಅವಳಿಗೆ ಇದೊಂದೇ ಬಾಗಿಲು ಮುಚ್ಚುವುದಲ್ಲ. ಕೈ ತಪ್ಪು ಮಾಡಿ ಹೊರಬಿದ್ದವರನ್ನು ನಮ್ಮ ಕಸುಬಿನಲ್ಲಿ ಬೇರೆಲ್ಲಿಯೂ ಸೇರಿಸಿಕೊಳ್ಳುವುದಿಲ್ಲ. ಹೊಸಬರ ತರಬೇತಿಯೂ ನನ್ನದೇ, ಆರು ವಾರ ಅವಳಿಗೆ ಕಲಿಸಿದವಳು ನಾನು. ಎಲೆ ಕಲೆಸಿದರೆ ಸದ್ದೇ ಬಾರದಂಥ ಬೆರಳು ಅವಳದು, ನನ್ನ ಇಪ್ಪತ್ತಮೂರು ವರ್ಷದ ಚಾಕರಿಯಲ್ಲಿ ಅಂಥ ಇನ್ನೊಂದು ಜೊತೆ ಕೈಯನ್ನು ನಾನು ಕಂಡಿಲ್ಲ.

ಬೆಳಗ್ಗೆ ಒಂಬತ್ತೂವರೆಗೆ ಹಿಂದಿನ ಗೇಟಿನಲ್ಲಿ ಸಿಕ್ಕಿದ್ದಳು.

“ನಿದ್ದೆ ಮಾಡಿದ್ಯೇನೇ?” ಅಂದೆ.

“ಎಲ್ಲಿ ನಿದ್ದೆ, ಮ್ಮಾ. ಅಜ್ಜಿ ನಾಲ್ಕು ಗಂಟೆಗೇ ಎಬ್ಬಿಸಿ ಪ್ರಾರ್ಥನೆ ಶುರು ಮಾಡ್ಕೊಂಡ್ರು. ದೇವರಿಗೂ ನಿದ್ದೆ ಕೆಟ್ಟಿರ್ಬೇಕು.”

“ದೇವರ ವಿಷ್ಯ ಆಮೇಲೆ. ಕೈ ಹುಷಾರು.”

“ಮನೇಲೇ ಬಿಟ್ ಬರ್ಬೇಕಿತ್ತಾ?”

“ನಗ್ಬೇಡ. ತಪ್ಪಿನ ಪುಸ್ತಕದಲ್ಲಿ ನಿನ್ನ ಹೆಸರಿನ ಮುಂದೆ ಒಂದ್ ಸಾಲು ಆಗ್ಲೇ ಬಿದ್ದಿದೆ. ಇನ್ನೊಂದ್ ಬಿದ್ರೆ ಮುಗೀತು.”

“ಆ ಸಾಲು ಬರೆದೋರು ಯಾರು ಅಂತ ನಂಗೊತ್ತು, ಮ್ಮಾ,” ಎಂದು ನಗುತ್ತಲೇ ಹೇಳಿ ಒಳಗೆ ಹೋದಳು.

ಬರೆದವಳು ನಾನೇ. ನಮ್ಮ ಟೇಬಲುಗಳ ಮೊದಲ ನಿಯಮ, ಕೈಯಿಂದ ಕೈಗೆ ಏನೂ ದಾಟಬಾರದು. ನೋಟಾಗಲಿ, ದುಡ್ಡಿನ ಬದಲು ಆಡುವ ಬಿಲ್ಲೆಯಾಗಲಿ, ಗಿರಾಕಿ ಅದನ್ನು ಮೇಜಿನ ಹಸಿರು ಬಟ್ಟೆಯ ಮೇಲಿಡಬೇಕು. ಹಂಚುವವಳು ಅದನ್ನು ಕ್ಯಾಮೆರಾಕ್ಕೆ ಕಾಣುವಂತೆ ಬಿಡಿಸಿ ಹರಡಿ, ಎಷ್ಟೆಂದು ಗಟ್ಟಿಯಾಗಿ ಹೇಳಿ, ಮೇಜಿನಡಿಯ ಹಣದ ಡಬ್ಬಿಯ ಸಂದಿಗೆ ತಳ್ಳಬೇಕು. ಟೇಬಲ್ ಬಿಟ್ಟು ಏಳುವಾಗ ಎರಡು ಕೈ ತಟ್ಟಿ, ಅಂಗೈ ಮೇಲೆ ಮಾಡಿ, ಬೆರಳು ಅಗಲಿಸಿ ತೋರಿಸಬೇಕು. ಹಾಕಿಕೊಳ್ಳುವ ಬಟ್ಟೆಗೆ ಜೇಬಿಲ್ಲ. ನೆತ್ತಿ ತುರಿಸಿದರೂ ಮೊದಲು ಕೈ ತೋರಿಸಿ ಆಮೇಲೆ ತುರಿಸಿಕೊಳ್ಳಬೇಕು.

ಇದೆಲ್ಲ ಒಂದು ವಾರದಲ್ಲಿ ಯಾರು ಬೇಕಾದರೂ ಕಲಿಯುತ್ತಾರೆ. ಆದರೆ ನಮ್ಮವರ ಮಕ್ಕಳಿಗೆ ನಡೆಯಲು ಬರುವ ಮೊದಲೇ ಇನ್ನೊಂದು ಪಾಠ ಆಗಿರುತ್ತದೆ. ದೊಡ್ಡವರು ಕೊಡುವುದನ್ನು ಎರಡೂ ಕೈ ಜೋಡಿಸಿ, ಬೊಗಸೆ ಮಾಡಿ, ಮೊಣಕಾಲು ಕೊಂಚ ಬಗ್ಗಿಸಿ ಇಸಿದುಕೊಳ್ಳಬೇಕು. ಒಂಟಿ ಕೈ ಚಾಚಿದ ಮಗುವಿನ ಬೆನ್ನಿಗೆ ಅಲ್ಲೇ ಒಂದು ಬೀಳುತ್ತದೆ. ಬೊಗಸೆ ಎಂದರೆ ನಮ್ಮ ಮನೆಗಳಲ್ಲಿ ಮರ್ಯಾದೆ, ಕ್ಯಾಮೆರಾದ ಕಣ್ಣಿಗೆ ಮುಚ್ಚಿದ ಕೈ. ಅದರೊಳಗೆ ಏನಿದೆಯೆಂದು ಮೇಲಿನಿಂದ ಕಾಣುವುದಿಲ್ಲ.

ಹದಿನೈದು ದಿನದ ಹಿಂದೆ ಗಡಿಯಾಚೆಯ ಲಾರಿ ಚಾಲಕನೊಬ್ಬ ಗೆದ್ದ ಖುಷಿಗೆ ಅವಳಿಗೊಂದು ಬಿಲ್ಲೆ ಇನಾಮು ಕೊಡಲು ಕೈ ಚಾಚಿದ. ಇವಳು ಬಗ್ಗಿ ಬೊಗಸೆಯಲ್ಲಿ ಇಸಿದುಕೊಂಡಳು. ಕೋಣೆಯಲ್ಲಿ ನಾನೊಬ್ಬಳೇ ಇದ್ದೆ. ನೋಡದ ಹಾಗೆ ಇರಬಹುದಿತ್ತು. ಆದರೆ ಆರು ವಾರ ಗಂಟಲು ಹರಿದುಕೊಂಡು ಕಲಿಸಿದ್ದು ನೀರಿಗೆ ಹೋಯಿತಲ್ಲ ಎಂದು ಸಿಟ್ಟು ನೆತ್ತಿಗೇರಿತು, ಬರೆದುಬಿಟ್ಟೆ. ಆ ಪುಟ ಹರಿದು ಹಾಕೋಣವೆಂದು ಆಮೇಲೆ ಎಷ್ಟು ಸಲ ಅನ್ನಿಸಿತೋ. ನಮ್ಮ ಪುಸ್ತಕದ ಪುಟಗಳಿಗೆ ಸಂಖ್ಯೆ ಹಾಕಿರುತ್ತಾರೆ.

ಮಂಗಳವಾರ ಪಿಂಚಣಿದಾರರ ದಿನ. ಹತ್ತು ಗಂಟೆಗೆ ನಮ್ಮ ಬಸ್ಸು ದಿನೋಕಾನಾ, ಗೋಪಾನೆ ಎಲ್ಲ ಸುತ್ತಿ ಮುದುಕ ಮುದುಕಿಯರನ್ನು ತುಂಬಿಕೊಂಡು ಬರುತ್ತದೆ. ಬಸ್ಸು ಪುಕ್ಕಟೆ, ಬಾಗಿಲಲ್ಲಿ ಚಹಾ ಬಿಸ್ಕತ್ತು ಪುಕ್ಕಟೆ, ಜೂಜಿನ ಯಂತ್ರದಲ್ಲಿ ಆಡಲು ಮಾತ್ರ ಬರುವ ಐವತ್ತು ರಾಂಡಿನ ಚೀಟಿ ಪುಕ್ಕಟೆ, ಮಧ್ಯಾಹ್ನ ಬೊಗೊಬೆ ಮುದ್ದೆ, ಮೊರೊಗೊ ಸೊಪ್ಪು, ಒಂದು ತುಂಡು ಕೋಳಿ. ಕುರ್ಚಿ ಎಷ್ಟು ಮೆತ್ತಗಿದೆಯೆಂದರೆ ಸೊಂಟ ನೋವಿನವರಿಗೂ ಎದ್ದೇಳುವ ನೆನಪಾಗುವುದಿಲ್ಲ. ಒಬ್ಬೊಬ್ಬರ ಕೊರಳಲ್ಲೂ ಒಂದೊಂದು ಕಾರ್ಡು. ಯಾವ ಯಂತ್ರ ಇಷ್ಟ, ಎಷ್ಟು ಹೊತ್ತು ಕೂತರು, ಚಹಕ್ಕೆ ಎಷ್ಟು ಸಕ್ಕರೆ, ಎಲ್ಲ ಅದರಲ್ಲಿರುತ್ತದೆ. ಹುಟ್ಟುಹಬ್ಬ ಇದ್ದವರನ್ನು ಹೆಸರು ಹಿಡಿದು ಕೂಗಿ ಕೇಕು ಕೊಡುತ್ತಾರೆ. ಇಷ್ಟೆಲ್ಲ ಪುಕ್ಕಟೆ ಕೊಡುವ ಜಾಗ ಎಲ್ಲಿ ವಸೂಲಿ ಮಾಡಿಕೊಳ್ಳುತ್ತದೆಂದು ಆ ಮುದುಕಿಯರಿಗೆ ನನಗಿಂತ ಚೆನ್ನಾಗಿ ಗೊತ್ತು, ಗೊತ್ತಿದ್ದೂ ಬರುತ್ತಾರೆ.

ಆಟದ ಹಾಲ್‌ಗೆ ಕಿಟಕಿಯಿಲ್ಲ, ಗಡಿಯಾರವಿಲ್ಲ. ಇಡೀ ಕಟ್ಟಡದಲ್ಲಿ ಹೊತ್ತು ಗೊತ್ತಾಗುವುದು ನನ್ನ ಪರದೆಗಳ ಮೂಲೆಯಲ್ಲಿ ಮಾತ್ರ. ಅವತ್ತು ನಾನು ಕೈ ನೋಡಿದ್ದಕ್ಕಿಂತ ಆ ಮೂಲೆ ನೋಡಿದ್ದೇ ಹೆಚ್ಚು. ಹತ್ತೂ ಇಪ್ಪತ್ತು. ಹತ್ತೂವರೆ. ಎದ್ದು ನೀರು ಕುಡಿದೆ, ಕೂತೆ, ಮತ್ತೆ ಎದ್ದೆ. ನಲವತ್ತು ಪರದೆ ಬಿಟ್ಟು ಕಣ್ಣು ಆರನೆಯದಕ್ಕೇ ಹೋಗುತ್ತಿತ್ತು. ಒರೆನೈಲೆ ಚೆನ್ನಾಗಿಯೇ ಆಡಿಸುತ್ತಿದ್ದಳು. ಹರಡುವುದು, ಕೂಗುವುದು, ತಳ್ಳುವುದು, ತೋರಿಸುವುದು, ಒಂದೂ ತಪ್ಪಿರಲಿಲ್ಲ.

ಹನ್ನೊಂದು ನಲವತ್ತೆರಡಕ್ಕೆ ಮ್ಮಾ ಲೆಕೋಮಾ ಅವಳ ಟೇಬಲಿಗೆ ಬಂದರು. ಎಂಟು ವರ್ಷದಿಂದ ಪ್ರತಿ ಮಂಗಳವಾರ ಬಾಗಿಲ ಪಕ್ಕದ ಅದೇ ಯಂತ್ರಕ್ಕೆ ಕೂರುವ ಹೆಂಗಸು, ಟೇಬಲಿನ ಹತ್ತಿರ ಸುಳಿದದ್ದೇ ಇಲ್ಲ. ಭುಜದ ಮೇಲೆ ಕಂಬಳಿ ಹೊದ್ದು, ಸಣ್ಣ ಚೀಲದಿಂದ ನೂರು ರಾಂಡಿನ ನೋಟೊಂದನ್ನು ತೆಗೆದು, ಬಲಗೈಯಲ್ಲಿ ಹಿಡಿದು, ಎಡಗೈಯನ್ನು ಬಲ ಮೊಣಕೈಗೆ ಆನಿಸಿ ಮುಂದೆ ಚಾಚಿದರು. ಹಾಗೆ ಕೊಡುವುದು ಮನೆಯವರಿಗೆ, ಮದುವೆ ಮನೆಯಲ್ಲಿ, ಚರ್ಚಿನಲ್ಲಿ.

ಪರದೆಯಲ್ಲಿ ದನಿ ಬರುವುದಿಲ್ಲ. ಒರೆನೈಲೆಯ ತುಟಿ ಆಡಿದ್ದು ಕಂಡಿತು, ಬೆರಳು ಬಟ್ಟೆಯನ್ನು ತೋರಿಸಿತು. ಮೇಜಿನ ಮೇಲಿಡಿ ಎಂದಿರಬೇಕು. ಚಾಚಿದ ಕೈ ಅಲ್ಲಾಡಲಿಲ್ಲ. ಅವಳು ಇನ್ನೊಮ್ಮೆ ಹೇಳಿದಳು. ಆ ಕೈ ಸಣ್ಣಗೆ ನಡುಗುತ್ತಿತ್ತು, ಮುಪ್ಪಿನದೋ ಕಾದದ್ದಕ್ಕೋ ಗೊತ್ತಿಲ್ಲ. ನಾನು ಮೇಲೆ ಕೂತು, “ಬೇಡ ಕಣೇ, ಬೇಡ, ಬೇಡ,” ಎನ್ನುತ್ತಿದ್ದೆ. ಒರೆನೈಲೆಯ ಎರಡೂ ಕೈ ಮೇಲೆದ್ದು ಜೋಡಿಸಿಕೊಂಡವು. ಮೊಣಕಾಲು ಬಗ್ಗಿತು. ನೋಟು ಬೊಗಸೆಯೊಳಗೆ ಹೋಯಿತು.

ಒಂದೂವರೆ ಸೆಕೆಂಡು. ಆಮೇಲೆ ಬೆಚ್ಚಿಬಿದ್ದವಳಂತೆ ನೋಟನ್ನು ಬಟ್ಟೆಯ ಮೇಲೆ ಹರಡಿದಳು, ಡಬ್ಬಿಗೆ ತಳ್ಳಿದಳು, ಕೈ ತೋರಿಸಿದಳು. ತೋರಿಸುತ್ತ ತಲೆಯೆತ್ತಿ ನೇರ ಕ್ಯಾಮೆರಾವನ್ನು, ಎಂದರೆ ನನ್ನನ್ನು ನೋಡಿದಳು.

ಪುಸ್ತಕ ತೆರೆದೆ. ಪೆನ್ನಿನ ಮುಚ್ಚಳ ತೆಗೆದೆ. ಹಾಕಿದೆ. ಕಣ್ಣಿಗೆ ಬಿದ್ದದ್ದನ್ನು ಬರೆಯದೆ ಬಿಟ್ಟರೆ ನನ್ನ ಕುತ್ತಿಗೆಗೇ ಬರುತ್ತದೆ, ಅದು ಬೇರೆ ಮಾತು. ಆದರೆ ಆ ಚಾಚಿದ ಕೈ ನನ್ನನ್ನು ಬೇರೊಂದು ಕಡೆಗೆ ಎಳೆದುಕೊಂಡು ಹೋಗಿತ್ತು.

ನಾನು ಎಲೆ ಹಂಚುತ್ತಿದ್ದ ಕಾಲದಲ್ಲಿ ಒಂದು ಭಾನುವಾರ ದಿನೋಕಾನಾದ ಮನೆಯಲ್ಲಿ ಕೂತು ಪತ್ರಿಕೆ ಓದುತ್ತಿದ್ದೆ. ಅಮ್ಮ ಚಹಾ ತಂದು, ಎಡಗೈ ಮೊಣಕೈಗೆ ಆನಿಸಿ, ಲೋಟ ಚಾಚಿದಳು. ನಾನು ತಲೆಯೆತ್ತದೆ, “ಮೇಜಿನ ಮೇಲಿಡಿ, ಮ್ಮಾ,” ಎಂದೆ. ನಮ್ಮಲ್ಲಿ ತಾಯಿಗೂ ಮ್ಮಾ, ಗಿರಾಕಿ ಹೆಂಗಸಿಗೂ ಮ್ಮಾ. ಆದರೆ ಅದು ಯಾವ ದನಿಯೆಂದು ಅವಳಿಗೆ ತಿಳಿಯಿತು. ಲೋಟ ಗಾಳಿಯಲ್ಲಿ ಹಾಗೇ ನಿಂತಿತು. “ನಾನೇನು ನಿನ್ನ ಗಿರಾಕಿನಾ?” ಎಂದು ಕೇಳಿ ಮೇಜಿನ ಮೇಲಿಟ್ಟು ಹೋದಳು. ಹದಿನೈದು ವರ್ಷವಾಯಿತು. ಅವತ್ತಿನಿಂದ ಅವಳು ನನ್ನ ಕೈಗೆ ಏನನ್ನೂ ಕೊಟ್ಟಿಲ್ಲ. ಕ್ಷಮಿಸು ಎಂದೆ, ಬೊಗಸೆಯೊಡ್ಡಿ ನಿಂತೆ. ನಗುತ್ತಾಳೆ, ಸಿಟ್ಟೇನೂ ಇಲ್ಲ ಅನ್ನುತ್ತಾಳೆ, ಲೋಟ ಮೇಜಿನ ಮೇಲಿಟ್ಟು ಬೆರಳ ತುದಿಯಿಂದ ನನ್ನ ಕಡೆ ತಳ್ಳುತ್ತಾಳೆ. ಆ ಚಹಾ ಕುಡಿಯುವಾಗ ಈಗಲೂ ನನಗೆ ಅಳು ಬರುತ್ತದೆ, ನುಂಗಿಕೊಳ್ಳುತ್ತೇನೆ.

ಪುಸ್ತಕ ಮುಚ್ಚಿಟ್ಟೆ.

ಹನ್ನೆರಡೂವರೆಗೆ ಕಾಲು ಆಡಿಸಲು ಹಿತ್ತಿಲಿಗೆ ಹೋದೆ. ಗೋಡೆಯ ಬಿಸಿಲಿನಲ್ಲಿ ಮ್ಮಾ ಲೆಕೋಮಾ ಒಬ್ಬರೇ ಕೂತಿದ್ದರು, ತೊಡೆಯ ಮೇಲೆ ಕಾಗದದಲ್ಲಿ ಸುತ್ತಿದ ಕೇಕಿನ ತುಂಡು. ಕ್ಯಾಮೆರಾ ಕೋಣೆಯವರು ಗಿರಾಕಿಗಳ ಜೊತೆ ಮಾತಾಡುವಂತಿಲ್ಲ. ಅವತ್ತು ಆ ನಿಯಮವೂ ಹೋಯಿತು.

“ದುಮೆಲಾ, ಮ್ಮಾ. ಬಿಸಿಲಿಗೆ ಬಂದ್ರಾ?”

“ದುಮೆಲಾ, ಮಗಳೇ. ಒಳಗೆ ಹಗಲೋ ರಾತ್ರಿಯೋ ಒಂದೂ ತಿಳಿಯಲ್ಲ. ಮೊಣಕಾಲಿಗೆ ಬಿಸಿಲು ಬಿದ್ಮೇಲೇ ಮಧ್ಯಾಹ್ನ ಅಂತ ಗೊತ್ತಾಗಿದ್ದು.”

“ಇವತ್ತು ಯಂತ್ರ ಬಿಟ್ಟು ಟೇಬಲ್ಲಿಗೆ ಹೋಗಿದ್ರಂತೆ?”

“ಯಾರಂದ್ರು?”

“ಹೀಗೇ ಗಾಳಿಮಾತು.”

ನನ್ನ ಕೊರಳಿನ ನೌಕರರ ಗುರುತಿನ ಚೀಟಿಯನ್ನು ನೋಡಿದರು. “ಇಲ್ಲಿ ಗಾಳಿಗೂ ಸಂಬಳ ಕೊಡ್ತಾರೆ ಅನ್ಸುತ್ತೆ,” ಎಂದು ಬೊಚ್ಚುಬಾಯಿ ತೆರೆದು ನಕ್ಕರು. “ಇವತ್ತು ನನಗೆ ಎಪ್ಪತ್ತೈದು ತುಂಬ್ತು. ಮನೇಲಿ ಯಾರಿಗೂ ನೆನಪಿಲ್ಲ, ಇವರಿಗೆ ನೆನಪಿತ್ತು. ಹೆಸರು ಕೂಗಿ ಕೇಕು ಕೊಟ್ರು. ಎಂಟು ವರ್ಷ ಆ ಯಂತ್ರದ ಬಾಯಿಗೆ ಹಾಕಿದ್ದೀನಿ, ಒಂದಿನಾ ಅದು ನನ್ನ ಮುಖ ನೋಡಿಲ್ಲ. ಇವತ್ತೊಂದಿನ ಮನುಷ್ಯರ ಕೈಗೆ ಕೊಡೋಣ ಅನ್ನಿಸ್ತು.”

“ಆ ಹುಡುಗಿ ಮೇಜಿನ ಮೇಲಿಡಿ ಅನ್ಲಿಲ್ವಾ?”

“ಅಂದ್ಲು, ಎರಡ್ ಸಲ ಅಂದ್ಲು. ನಾನು ಕೊಡ್ತಿದ್ದೆ ಕಣಮ್ಮಾ, ಚೆಲ್ತಿರ್ಲಿಲ್ಲ. ಚಾಚಿದ ಕೈ ಹಿಂದಕ್ಕೆ ತಗೊಂಡ್ರೆ ನಾನು ಮನೆಗೆ ಹೇಗ್ ಹೋಗ್ಲಿ? ಒಳ್ಳೇ ಮನೆ ಮಗು, ಅರ್ಥ ಮಾಡ್ಕೊಂತು. ಯಾಕೆ, ಏನಾದ್ರೂ ಆಯ್ತಾ?”

“ಏನಿಲ್ಲ, ಮ್ಮಾ.”

ನಿಮ್ಮ ಹುಟ್ಟುಹಬ್ಬಕ್ಕೆ ಆ ಮಗುವಿನ ಹೊಟ್ಟೆಪಾಡು ಹೋಗುವುದರಲ್ಲಿದೆ ಎಂದು ಬಾಯಿತುದಿಗೆ ಬಂದಿತ್ತು. ಆ ಮುದುಕಿಯ ಮೇಲೆ ಸಿಟ್ಟು ಉಕ್ಕಿ ಬಂತು, ಯಂತ್ರದ ಹತ್ತಿರವೇ ಬಿದ್ದಿರಬಾರದಿತ್ತೇ ಎಂದು. ಮರುಗಳಿಗೆ ಹಾಗೆ ಅಂದುಕೊಂಡದ್ದಕ್ಕೆ ನನ್ನ ಮೇಲೇ ಬಂತು. ಅವರು ಕೇಕು ಮುರಿದು ಅರ್ಧ ನನ್ನ ಕಡೆ ಚಾಚಿದರು. ನಾನು ಬೇಡವೆಂದು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಒಳಗೆ ಬಂದುಬಿಟ್ಟೆ.

ಎರಡು ಗಂಟೆಗೆ ರ್ರಾ ಸೆಲೆಕೆ ಬಂದರು. ಅರವತ್ತೊಂದು ವಯಸ್ಸು, ಭಾನುವಾರ ಚರ್ಚಿನಲ್ಲಿ ಹಿರಿಯರು, ಉಳಿದ ದಿನ ನಮಗೆ ಯಮ. ಪರೀಕ್ಷೆಯ ಕೊನೆಯ ದಿನ ಅರ್ಧ ಗಂಟೆಯ ಚಿತ್ರ ಹಾಕಿ ನೋಡದೆ ಅವರು ಸಹಿ ಹಾಕುವುದಿಲ್ಲ. ಯಾವ ಅರ್ಧ ಗಂಟೆ ಎಂಬುದನ್ನು ತಾವು ಆರಿಸುವುದೂ ಇಲ್ಲ. ಮೇಜಿನ ಖಾನೆಯಿಂದ ಎಕ್ಕದಿಂದ ಎಂಟರವರೆಗಿನ ಎಂಟು ಎಲೆ ತೆಗೆದು ಬೀಸಣಿಗೆಯಂತೆ ಹಿಡಿದರು. ಹತ್ತರಿಂದ ಎರಡರವರೆಗೆ ಎಂಟು ಅರ್ಧ ಗಂಟೆ, ಒಂದೊಂದಕ್ಕೆ ಒಂದೊಂದು ಎಲೆ.

“ಎಳಿ, ಬಾಲೆಸೆಂಗ್. ನಿನ್ನ ಶಿಷ್ಯೆ, ನಿನ್ನ ಅದೃಷ್ಟ.”

ಎಂಟರಲ್ಲಿ ಏಳು ನಮ್ಮ ಕಡೆಗಿದ್ದವು. ಕೆಳಗೆ ಕೂತವರೆಲ್ಲ ಅಂದುಕೊಳ್ಳುವುದನ್ನೇ ನಾನೂ ಅಂದುಕೊಂಡು ಬಲತುದಿಯ ಎಲೆ ಎಳೆದೆ. ನಾಲ್ಕರ ಎಲೆ. ಹನ್ನೊಂದೂವರೆಯಿಂದ ಹನ್ನೆರಡು.

ಅವರು ಕನ್ನಡಕ ಹಣೆಯಿಂದ ಇಳಿಸಿ ಕೂತರು. ನಾನು ಹಿಂದೆ ನಿಂತೆ. ಹನ್ನೆರಡು ನಿಮಿಷ ಏನೂ ಆಗಲಿಲ್ಲ. ಬೆರಳಿನ ಉಗುರನ್ನು ಕಚ್ಚಿ ಕಚ್ಚಿ ರಕ್ತ ಬರಿಸಿಕೊಂಡಿದ್ದೆ.

“ನಿಲ್ಸು,” ಎಂದರು. “ಹಿಂದಕ್ಕೆ.”

ಆರು ಸಲ ಹಿಂದಕ್ಕೆ ಹೋಯಿತು, ಆರು ಸಲವೂ ಆ ಮೊಣಕಾಲು ಬಗ್ಗಿತು.

“ಇದು ಪುಸ್ತಕದಲ್ಲಿ ಕಾಣ್ತಿಲ್ಲ.”

“ಇಲ್ಲ, ರ್ರಾ.”

“ನೀನು ನೋಡ್ಲಿಲ್ವಾ?”

“ನೋಡ್ದೆ. ಬರೆಯೋಕೆ ಕೈ ಬರ್ಲಿಲ್ಲ.”

“ನಿನ್ನ ಕೈಗೆ ಸಂಬಳ ಕೊಡ್ತಿರೋದೇ ಬರೆಯೋಕೆ.”

“ನೋಟು ಡಬ್ಬಿಗೆ ಹೋಗಿದೆ. ಕಣ್ಣಾರೆ ಕಾಣ್ತಿದೆಯಲ್ಲ.”

“ಒಂದೂವರೆ ಸೆಕೆಂಡು ಕಾಣ್ಲಿಲ್ಲ. ಆ ಒಂದೂವರೆ ಸೆಕೆಂಡಿನಿಂದ್ಲೇ ನಿಂಗೂ ನಂಗೂ ಊಟ ಸಿಕ್ತಿರೋದು. ಅದರೊಳಗೆ ಬಿಲ್ಲೆ ಇದ್ದಿದ್ರೆ?”

“ಇರ್ಲಿಲ್ಲ.”

“ಇರ್ಲಿಲ್ಲ, ಒಪ್ಪಿದೆ. ಇದ್ದಿದ್ರೆ?”

“ಎಪ್ಪತ್ತೈದು ವರ್ಷದ ಹೆಂಗಸು ಕೈ ಚಾಚಿ ನಿಂತಿದ್ರು. ನೀವಾಗಿದ್ರೆ ಏನ್ ಮಾಡ್ತಿದ್ರಿ, ರ್ರಾ?”

“ಮೇಜಿನ ಬಟ್ಟೆ ನೋಡ್ತಿದ್ದೆ, ಹೆಂಗಸನ್ನ ನೋಡ್ತಿರ್ಲಿಲ್ಲ. ಮನೇಲಿ ಕಲಿತಿದ್ದನ್ನ ಲಾಕರಿನಲ್ಲಿಟ್ಟು ಬೀಗ ಹಾಕಿ ಬಾ ಅಂತ ಆ ಮಕ್ಕಳಿಗೆ ಹೇಳೋಳು ನೀನೇ ತಾನೆ? ಮೂವತ್ತು ವರ್ಷದಿಂದ ನನ್ನದು ಲಾಕರಿನಲ್ಲೇ ಇದೆ. ಬರಿ. ಬರೆದು ಕ್ಯಾಮೆರಾ ಸಂಖ್ಯೆ ಹಾಕು. ಇದು ಎರಡನೇದು, ನಾಲ್ಕಕ್ಕೆ ಅವಳನ್ನ ಕರೆದು ಹೇಳ್ಬಿಡ್ತೀನಿ.”

ಬರೆದೆ. ಹೊತ್ತು, ಟೇಬಲ್, ತಪ್ಪು. ಅಕ್ಷರಗಳು ಒಂದರ ಮೇಲೊಂದು ಹತ್ತಿಕೊಂಡವು. ನಮ್ಮ ಕೋಣೆಯಲ್ಲಿ ಸಹಿಗೆ ಪುಸ್ತಕವನ್ನು ಮೇಜಿನ ಮೇಲೆ ಜಾರಿಸುವುದು ವಾಡಿಕೆ. ನಾನು ಎದ್ದು ಮೇಜು ಸುತ್ತಿಕೊಂಡು ಅವರ ಎದುರಿಗೆ ಹೋದೆ. ಮೊದಲೇ ಯೋಚಿಸಿದ್ದೆ ಎಂದರೆ ಸುಳ್ಳಾಗುತ್ತದೆ, ಏನೂ ಯೋಚಿಸಿರಲಿಲ್ಲ ಎಂದರೂ ಸುಳ್ಳೇ. ಪುಸ್ತಕವನ್ನು ಬಲಗೈಯಲ್ಲಿ ಹಿಡಿದು, ಎಡಗೈಯನ್ನು ಮೊಣಕೈಗೆ ಆನಿಸಿ, ತಲೆ ತಗ್ಗಿಸಿ ಚಾಚಿದೆ.

“ತಗೊಳ್ಳಿ, ರ್ರಾ.”

ಅವರ ಎರಡೂ ಕೈ ಮೇಲೆದ್ದವು. ಕುರ್ಚಿಯಲ್ಲೇ ಮುಂದಕ್ಕೆ ಬಾಗಿ, ಬೊಗಸೆ ಮಾಡಿ, ಪುಸ್ತಕ ಇಸಿದುಕೊಂಡರು. “ಕೆ ಆ ಲೆಬೋಗಾ,” ಎಂದೂ ಅಂದುಬಿಟ್ಟರು, ಊಟದ ಮನೆಯಲ್ಲಿ ತಟ್ಟೆ ಇಸಿದುಕೊಂಡು ಉಪಕಾರ ಹೇಳುವವರ ಹಾಗೆ.

ಆಮೇಲೆ ತಮ್ಮ ಕೈಗಳನ್ನು ನೋಡಿಕೊಂಡರು. ನೋಡುವವರನ್ನು ನೋಡಲು ನಮ್ಮ ತಲೆಯ ಮೇಲೂ ಒಂದು ಕ್ಯಾಮೆರಾ ಇದೆ, ಅದರ ಚಿತ್ರ ಜೋಹಾನ್ಸ್‌ಬರ್ಗಿನ ಕಚೇರಿಗೆ ಹೋಗುತ್ತದೆ. ರ್ರಾ ಸೆಲೆಕೆ ಕತ್ತೆತ್ತಿ ಅದನ್ನು ನೋಡಿದರು. ನಾನೂ ನೋಡಿದೆ.

“ಬೇಕಂತ್ಲೇ ಮಾಡ್ದೆ ನೀನು.”

“ಹೂಂ, ರ್ರಾ. ಆಯಮ್ಮನೂ ಬೇಕಂತ್ಲೇ ಮಾಡಿದ್ದು.”

ಅವರು ಪುಸ್ತಕ ಬಿಡಿಸಿ ನನ್ನ ಸಾಲನ್ನು ಎರಡು ಸಲ ಓದಿದರು. ನನ್ನ ಕೆಲಸವೂ ಹೋಯಿತೆಂದೇ ಅಂದುಕೊಂಡೆ. ಕೊನೆಗೆ ಅವರು ಮೂಗಿನಲ್ಲೇ ನಕ್ಕರು, ಖುಷಿಯ ನಗೆಯಲ್ಲ.

“ಮೂವತ್ತು ವರ್ಷ ಬೀಗ ಹಾಕಿಟ್ಟಿದ್ದು. ಈ ಕೈ ನನ್ನನ್ನ ಒಂದ್ ಮಾತು ಕೇಳ್ಲಿಲ್ಲ ನೋಡು.”

ಪೆನ್ನು ತೆಗೆದು ನನ್ನ ಸಾಲಿನ ಕೆಳಗೆ ಬರೆದರು: ಹಿರಿಯ ಗಿರಾಕಿ ಒತ್ತಾಯಿಸಿದ್ದರಿಂದ, ನೋಟು ಡಬ್ಬಿಗೆ ಸೇರಿದೆ, ಬಾಯಿಮಾತಿನ ಎಚ್ಚರಿಕೆ ಸಾಕು. ಸಹಿ ಹಾಕಿ ಪುಸ್ತಕವನ್ನು ಮೇಜಿನ ಮೇಲೆ ಜಾರಿಸಿದರು.

“ನಾಲ್ಕು ಗಂಟೆಯೊಳಗೆ ಆ ಹುಡುಗಿ ಕೈಯಿಂದ ಈ ಚಾಳಿ ಬಿಡಿಸು. ಇನ್ನೊಂದ್ ಸಲ ನನ್ನ ಕಣ್ಣಿಗೆ ಬಿದ್ರೆ ಎಲೆ ಗಿಲೆ ಎಳೆಸಲ್ಲ. ಅವಳ ಹಿಂದೆ ನೀನೂ ಗೇಟು ದಾಟ್ತೀಯ.”

ಮೂರು ಗಂಟೆಗೆ ಒರೆನೈಲೆಯನ್ನು ತರಬೇತಿ ಕೋಣೆಗೆ ಕರೆದೆ. ಬಾಗಿಲಲ್ಲೇ ನಿಂತು, “ಹೋಯ್ತಾ, ಮ್ಮಾ?” ಎಂದಳು.

“ಇನ್ನೂ ಇಲ್ಲ. ಕೂತ್ಕೋ.”

ಹಸಿರು ಬಟ್ಟೆಯ ಈಚೆ ನಾನು, ಆಚೆ ಅವಳು. ಎಡಗೈ ಮೊಣಕೈಗೆ ಆನಿಸಿ ನೋಟು ಚಾಚಿದೆ. ಅವಳ ಕೈ ಎದ್ದಿತು, ಸ್ಕೇಲಿನಿಂದ ಬೆರಳಿಗೆ ಹೊಡೆದೆ. ಬಿಲ್ಲೆ ಚಾಚಿದೆ, ಪೆನ್ನು ಚಾಚಿದೆ, ನೀರಿನ ಬಾಟಲಿ, ನನ್ನ ಬಳೆ, ಅರ್ಧ ಬಿಸ್ಕತ್ತು. ಮುದುಕಿಯ ಹಾಗೆ ಕೈ ನಡುಗಿಸಿದೆ. “ಮಗಳೇ, ಇದು ನಿನಗೇ ಕಣೇ,” ಎಂದು ದನಿ ಬದಲಿಸಿದೆ. ಅವಳಿಗೆ ಅಳು ಬಂತು. ಅಳಲು ಬಿಡಲಿಲ್ಲ.

“ನಮ್ಮ ಅಜ್ಜಿ ಬಂದು ಕೊಟ್ರೆ, ಮ್ಮಾ?”

“ಅಜ್ಜಿ ಕೊಟ್ರೂ.”

“ದೇವರೇ ಬಂದು ಕೊಟ್ರೆ?”

“ಮೇಜಿನ ಮೇಲಿಡಿ ಅನ್ನು. ಅವನಿಗೂ ಇಲ್ಲಿ ಕ್ಯಾಮೆರಾ ಇದೆ.”

ಎಷ್ಟು ಸಲ ಮಾಡಿಸಿದೆನೋ ಲೆಕ್ಕವಿಲ್ಲ. ಮೊದಮೊದಲು ಅವಳ ಕೈ ಎದ್ದು ಅರ್ಧಕ್ಕೆ ನಿಲ್ಲುತ್ತಿತ್ತು. ಆಮೇಲೆ ಬೆರಳು ಮಾತ್ರ ಅಲುಗಿದವು. ಮುಕ್ಕಾಲು ಗಂಟೆ ಕಳೆಯುವ ಹೊತ್ತಿಗೆ ನಾನು ಏನು ಚಾಚಿದರೂ ಎರಡೂ ಕೈ ಬಟ್ಟೆಯ ಮೇಲೆ ಅಲ್ಲಾಡದೆ ಮಲಗಿರುತ್ತಿದ್ದವು, ಮಾತು ಮಾತ್ರ ತಾನಾಗಿ ಬರುತ್ತಿತ್ತು. ಗೆದ್ದೆ ಅನ್ನಿಸಿತು. ಕೆಲಸ ಕಾಯಂ ಎಂದು ಸಹಿಯಾದ ಕಾಗದವನ್ನು ಅವಳಿಗೆ ನಾನೇ ಕೊಡುತ್ತೇನೆಂದು ರ್ರಾ ಸೆಲೆಕೆಯವರನ್ನು ಕೇಳಿ ಇಸಿದುಕೊಂಡೆ.

ನಾಲ್ಕು ಗಂಟೆಗೆ ನಾವು ನೌಕರರ ಚಹದ ಕೋಣೆಯಲ್ಲಿದ್ದೆವು. ಅಲ್ಲಿ ಹಸಿರು ಬಟ್ಟೆಯಿಲ್ಲ. ಲೋಟದ ಕಲೆಗಳಿರುವ ಹಳೆಯ ಮರದ ಮೇಜು, ಎರಡು ಬೆಂಚು, ಒಂದು ಕಿಟಕಿ. ಕಿಟಕಿಯಲ್ಲಿ ಪಿಂಚಣಿದಾರರ ಬಸ್ಸು ಹೊರಡಲು ನಿಂತಿದ್ದು ಕಾಣುತ್ತಿತ್ತು, ಮ್ಮಾ ಲೆಕೋಮಾ ಚೀಲ ಎದೆಗವಚಿಕೊಂಡು ಮೆಟ್ಟಿಲು ಹತ್ತುತ್ತಿದ್ದರು. ಒರೆನೈಲೆ ಮೇಜಿನ ಆ ಕಡೆ ನಿಂತಿದ್ದಳು. ಕಾಗದವನ್ನು ಬಲಗೈಯಲ್ಲಿ ಹಿಡಿದು, ಎಡಗೈಯನ್ನು ಮೊಣಕೈಗೆ ಆನಿಸಿ ಚಾಚಿದೆ. ಅಮ್ಮ ಚಹಾ ಚಾಚಿದ ಹಾಗೆ.

ಅವಳ ಕೈ ಏಳಲಿಲ್ಲ.

“ಮೇಜಿನ ಮೇಲಿಡಿ, ಮ್ಮಾ,” ಎಂದಳು.

ತಮಾಷೆ ಇರಬೇಕೆಂದು ಕಾದೆ. ಹದಿನಾಲ್ಕು ವರ್ಷ ಮುಖ ನೋಡದವಳು ಅವಳ ಮುಖ ನೋಡಿದೆ. ತಮಾಷೆಯಿರಲಿಲ್ಲ, ಮುನಿಸೂ ಇರಲಿಲ್ಲ. ಈ ಸಲ ಸರಿಯಾಗಿ ಮಾಡಿದೆನೇ ಎಂದು ನನ್ನ ಕಣ್ಣನ್ನೇ ನೋಡುತ್ತಿದ್ದಳು. ಅವಳ ಕೈಗಳು ಲೋಟದ ಕಲೆಗಳ ಮೇಲೆ ಅಲ್ಲಾಡದೆ ಮಲಗಿದ್ದವು.

ನಾನು ಕಾಗದವನ್ನು ಮೇಜಿನ ಮೇಲಿಟ್ಟು ಬೆರಳ ತುದಿಯಿಂದ ಅವಳ ಕಡೆ ತಳ್ಳಿದೆ.